ಇಳಿಸಿದ ಸಿ10ಗೆ ಸಸ್ಪೆನ್ಷನ್: ಮಾಡಿಸಿದವರು ಹೇಳಿ

ನನ್ನದು 1970ರ ಶೆವರ್ಲೆ ಸಿ10 ಪಿಕಪ್. ಹಿಂದಿನ ಮಾಲೀಕರು ಮುಂದಿನ ಕಾಯಿಲ್ ಸ್ಪ್ರಿಂಗ್ ಕತ್ತರಿಸಿ, ಹಿಂದೆ ಆರು ಇಂಚು ಇಳಿಸಿದ್ದಾರೆ. ಸಣ್ಣ ಗುಂಡಿಗೂ ಹಿಂದೆ ಧಡ್ ಅನ್ನುತ್ತೆ. ಎತ್ತರ ಹೀಗೇ ಇರಲಿ, ಕೂತರೆ ಹಿತವಾಗಿರಬೇಕು. ಏನು ಹಾಕಿಸಲಿ?

ಹಳೇಚಕ್ರ: ನಾನು ಡ್ರಾಪ್ ಸ್ಪಿಂಡಲ್ (ಸ್ಪ್ರಿಂಗ್ ಕತ್ತರಿಸದೆ ಮುಂಭಾಗ ಇಳಿಸೋ, ಚಕ್ರ ಕೂರೋ ಭಾಗ) ಹಾಕಿಸಿದೆ. ಸ್ಪಿಂಡಲ್‌ನಲ್ಲೇ ಖರ್ಚು ಮುಗೀತು ಅಂದ್ಕೋಬೇಡಿ. ನಾನು ತಂದದ್ದು ಡಿಸ್ಕ್ ಬ್ರೇಕಿನದು, ಗಾಡಿಯಲ್ಲಿದ್ದದ್ದು ಡ್ರಮ್. ಡಿಸ್ಕ್ ಬಂತು, ಜೊತೆಗೆ ಮಾಸ್ಟರ್ ಸಿಲಿಂಡರ್, ಮುಂದೆ ಹಿಂದೆ ಬ್ರೇಕ್ ಒತ್ತಡ ಹೊಂದಿಸೋ ಪ್ರಪೋರ್ಷನಿಂಗ್ ವಾಲ್ವ್, ಹೊಸ ಬ್ರೇಕ್ ಪೈಪು. ರೋಟರ್ ಐದು ಬೋಲ್ಟಿನದು, ನನ್ನ ರಿಮ್ಮುಗಳೆಲ್ಲ ಆರು ಬೋಲ್ಟಿನವು. ಹೊಸ ರಿಮ್, ಅದಕ್ಕೆ ಟೈರು. ಹಿಂದಿನ ಆಕ್ಸಲ್ ಮಾತ್ರ ಆರರಲ್ಲೇ ಉಳೀತಲ್ಲ, ಅದನ್ನೂ ಬದಲಾಯಿಸಿದೆ. ಸ್ಪಿಂಡಲ್‌ಗೆ ಕೊಟ್ಟ ದುಡ್ಡು ಆ ಬಿಲ್ಲಿನಲ್ಲಿ ಎಲ್ಲಿದೆ ಅಂತ ಹುಡುಕಬೇಕು. ಆದರೂ ಇವತ್ತು ಗಾಡಿ ಬೆಣ್ಣೆ.

ಅಡ್ಡಪಟ್ಟಿ: ಆರು ಬೋಲ್ಟಿನ ಡಿಸ್ಕ್ ರೋಟರೇ ಸಿಗುತ್ತೆ. ಸುಮ್ಮನೆ ಹೊಸಬರನ್ನ ಹೆದರಿಸಬೇಡಿ.

ಹಳೇಚಕ್ರ: ನಾನು ಮಾಡಿಸೋ ಹೊತ್ತಿಗೆ ನನ್ನ ಕೈಗೆ ಸಿಗಲಿಲ್ಲ. ಬಿಲ್ ಕಟ್ಟಿದವನು ನಾನು, ನೀವಲ್ಲ.

ಗಾಳಿಗಾಡಿ: ಸ್ಪ್ರಿಂಗ್ ಬದಲು ಗಾಳಿ ತುಂಬೋ ಏರ್ ಬ್ಯಾಗ್ ಹಾಕಿ, ನೆಮ್ಮದಿಯಾಗಿರಿ. ನನ್ನದರಲ್ಲಿ ಮೊದಲ ಬ್ಯಾಗು ಫ್ರೇಮಿಗೆ ಉಜ್ಜಿ ಒಡೀತು, ಬ್ರ್ಯಾಕೆಟ್ ಕತ್ತರಿಸಿ ಮತ್ತೆ ಬೆಸೆಸಿದೆ. ಚಳಿಗೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿತು, ವಾಟರ್ ಟ್ರ್ಯಾಪ್ ಹಾಕಿಸಿದೆ. ಕಂಪ್ರೆಸರ್ ಸುಟ್ಟಿತು, ರಿಲೇ ಸಮೇತ ಹೊಸದು ಬಂತು. ಈಗ ಗುಂಡಿ ಕಂಡರೆ ಒಂದು ಸ್ವಿಚ್ಚು, ಗಾಡಿ ಎದ್ದು ನಿಲ್ಲುತ್ತೆ.

ಅಡ್ಡಪಟ್ಟಿ: ಇಷ್ಟೆಲ್ಲ ಸುಟ್ಟು ಒಡೆದ ಮೇಲೂ ನೆಮ್ಮದಿ ಅಂತೀರಲ್ಲ! ಆ ಧಡ್ ಸದ್ದು ಆಕ್ಸಲ್ ಫ್ರೇಮಿಗೆ ಹೊಡೆಯೋದು. ಹಿಂದೆ ಅಷ್ಟು ಇಳಿಸಿದ ಮೇಲೆ ಫ್ರೇಮಿಗೆ ಸಿ-ನಾಚ್, ಅಂದ್ರೆ ಆಕ್ಸಲ್ ಮೇಲೇಳೋಕೆ ಜಾಗ ಬಿಡೋ ಸಿ ಆಕಾರದ ಕಚ್ಚು, ಕೊಡಿಸಲೇಬೇಕು. ನನ್ನ ಗಾಡೀಲಿ ನಾಚ್ ಆದ ಮೇಲೂ ಹಿಂದಿನ ಒಂದು ಟೈರು ಒಳಗಡೆ ಸವೆದು ನೂಲು ಕಾಣ್ತಿತ್ತು. ಒಂದು ಕಡೆ ಟೈರಿಗೂ ಬಾಡಿಗೂ ನಡುವೆ ಮುಷ್ಟಿ ಹೋಗುತ್ತೆ, ಇನ್ನೊಂದು ಕಡೆ ಬೆರಳು ಹೋಗಲ್ಲ. ಕಾರಣ ಕಂಪನಿಯ ಪ್ಯಾನ್‌ಹಾರ್ಡ್ ಬಾರ್. ಆಕ್ಸಲನ್ನ ಫ್ರೇಮಿಗೆ ಅಡ್ಡಲಾಗಿ ಹಿಡಿದಿರೋ ಈ ಸರಳು ಮೋಟು, ಇಳಿಸಿದಷ್ಟೂ ಆಕ್ಸಲನ್ನ ಪಕ್ಕಕ್ಕೆ ಎಳೆಯುತ್ತೆ. ಉದ್ದದ, ಅಡ್ಜಸ್ಟ್ ಮಾಡೋ ಬಾರ್ ಹಾಕಿಸಿದೆ, ನೆಟ್ಟಗಾಯ್ತು. ಶಾಕ್ ಅಬ್ಸಾರ್ಬರ್ ಕೂರೋ ಮೌಂಟಿನ ಜಾಗವನ್ನೂ ಬದಲಾಯಿಸಿ, ಇಲ್ಲದಿದ್ರೆ ಹೊಸ ಶಾಕೂ ತಳ ಮುಟ್ಟಿ ಸಾಯುತ್ತೆ.

ಕಬ್ಬಿಣ: ಕತ್ತರಿಸಿದ ಕಾಯಿಲ್‌ನಲ್ಲೇ ವರ್ಷಗಟ್ಟಲೆ ಓಡಿಸ್ತಿದ್ದೀನಿ, ಏನೂ ಆಗಿಲ್ಲ. ಎಲ್ಲಾ ಕಿಟ್ ಮಾರೋರ ಮಾತು.

ಹಳೇಚಕ್ರ: ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಡುಸಾಗುತ್ತೆ. ಅವರು ಕೇಳ್ತಿರೋದೇ ಮೆತ್ತಗಿನ ಓಡಾಟ.

ಕಬ್ಬಿಣ: ಗಡುಸಿದ್ದರೇ ತಿರುವಲ್ಲಿ ವಾಲಲ್ಲ.

ಗಾಳಿಗಾಡಿ: ವಾಲೋದು ತಡೆಯೋಕೆ ಸ್ವೇ ಬಾರ್ ಇದೆ ಸ್ವಾಮಿ. ಅದಕ್ಕೆ ಕಾಯಿಲ್ ಯಾಕೆ ಕತ್ತರಿಸಬೇಕು?

ಕಬ್ಬಿಣ: ನಿಮ್ಮ ಗಾಡಿ ಎಷ್ಟು ಸಲ ಟೋ ಆಗಿದೆ, ಅದನ್ನ ಮೊದಲು ಹೇಳಿ.