ಫೇವೈಲ್ಡ್‌ಗೆ ಹೋಗಿಬಂದರೆ ಕಾಲದ ಲೆಕ್ಕ ಹೇಗೆ?

ಕೊಥ್ರೂಡ್_ಡಿಎಂ: ದಾಳ ಉರುಳಿಸಿ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರಾಗನ್ಸ್, 2014ರ 5ನೇ ಆವೃತ್ತಿ. ನಮ್ಮ ಪುಣೆ ಗುಂಪು 5ನೇ ಲೆವೆಲ್. ಲೋಕದಿಂದ ಲೋಕಕ್ಕೆ ಒಯ್ಯುವ ಪ್ಲೇನ್ ಶಿಫ್ಟ್ ಮಂತ್ರ ಇಲ್ಲದೆ ಫೇವೈಲ್ಡ್‌ಗೆ, ಅಂದ್ರೆ ಆಟದ ಮಾಯಾಲೋಕಕ್ಕೆ, ದಾರಿ ಉಂಟಾ? ಅಲ್ಲಿ ಮೂರು ದಿನ ಇದ್ದರೆ ಇಲ್ಲಿ ಎಷ್ಟಾಗುತ್ತೆ?

ಮಾಟುಂಗಾ_ಮಾಂತ್ರಿಕ: ಪ್ಲೇನ್ ಶಿಫ್ಟ್ 7ನೇ ಹಂತದ ಮಂತ್ರ. 13ನೇ ಲೆವೆಲ್ ತನಕ ಕೈಗೆ ಸಿಗಲ್ಲ, ಸಾಲದ್ದಕ್ಕೆ 250 ಚಿನ್ನದ ನಾಣ್ಯದ ಟ್ಯೂನಿಂಗ್ ಫೋರ್ಕ್ ಬೇರೆ. ಫೇ ಕ್ರಾಸಿಂಗ್ (ಎರಡೂ ಲೋಕದ ನಡುವಿನ ದಾಟುದಾರಿ) ಇಡಿ, ಕಾಡಿನ ನಡುವಿನ ಕೊಳ ಸಾಕು. ಹೊಸ ನಕ್ಷೆ ಬೇಡ. ಎರಡೂ ಲೋಕದ ನೆಲ ಒಂದೇ ಅಚ್ಚಿನದು, ನಿಮ್ಮ ಕೋಟೆ ಇರುವಲ್ಲಿ ಅಲ್ಲಿ ಮುಳ್ಳುಪೊದೆ ಹಾಕಿದರಾಯ್ತು.

ಹೊರಬಂದ ಮೇಲೆ ಡಿ20 (20 ಮುಖದ ದಾಳ) ಉರುಳಿಸಿ. 1-2 ಬಿದ್ದರೆ ಅಲ್ಲಿ ಕಳೆದ ದಿನಗಳು ಇಲ್ಲಿ ನಿಮಿಷಗಳಾಗುತ್ತವೆ, 3-6 ಗಂಟೆ, 7-13 ಬದಲಾವಣೆ ಇಲ್ಲ, 14-17 ವಾರ, 18-19 ತಿಂಗಳು, 20 ವರ್ಷ. ಇಡೀ ಗುಂಪಿಗೆ ಒಂದೇ ಸಲ! ತಲೆಗೊಂದು ಉರುಳಿಸಿದರೆ ಒಬ್ಬ ಇವತ್ತು ಬರ್ತಾನೆ, ಇನ್ನೊಬ್ಬ ಮೂರು ವರ್ಷಕ್ಕೆ. ಆಟ ಅಲ್ಲಿಗೆ ಮುಗೀತು.

ಪಣಜಿ_ದಾಳ: ಕಥೆಯಲ್ಲಿ ಗಡುವು ಇದ್ದರೆ ಈ ಕೋಷ್ಟಕ ಬಿಟ್ಟುಬಿಡಿ, ಅದು ಐಚ್ಛಿಕ ನಿಯಮ. ಅಲ್ಲಿ ಕಳೆದದ್ದರ ನೆನಪು ಅಳಿಯೋ ನಿಯಮವೂ ಹಾಗೇ: ಅಲ್ಲಿಂದ ಹೊರಡುವಾಗ ಡಿಸಿ 10 ವಿಸ್ಡಮ್ ಸೇವ್ (ಡಿ20ಗೆ ಪಾತ್ರದ ವಿಸ್ಡಮ್ ಅಂಕ ಸೇರಿಸಿ 10 ಮುಟ್ಟಬೇಕು), ಎಲ್ಫ್‌ಗಳು ತಾವಾಗೇ ಪಾರು. ಸೋತವರಿಗೆ ಶಾಪ ತೆಗೆಯೋ ಮಂತ್ರ ಹಾಕಿದರೆ ನೆನಪು ವಾಪಸ್.

ಕೊಥ್ರೂಡ್_ಡಿಎಂ: ಗಡುವು ಇದೆ. ಹಾಗಾದ್ರೆ ನೆನಪಿನದ್ದು ಮಾತ್ರ.