ಪೋರ್ಟಲ್, ಮೊಣಕೈ, ತಲೆಪೆಟ್ಟು: ನಮ್ಮ ಅಮೆರಿಕನ್ ಕಾಲೇಜ್ ಫುಟ್‌ಬಾಲ್ ಬಳಗದ ಪ್ರಶ್ನೋತ್ತರ

ಫಿಸಿಯೋ, ಓಹಾಯೊ: ಎಲ್ಲರಿಗೂ ನಮಸ್ಕಾರ. ಆಟಗಾರರ ಗಾಯ ನೋಡಿಕೊಳ್ಳುವುದು ನನ್ನ ಕೆಲಸ, ಶನಿವಾರ ಟಿವಿ ಮುಂದೆ ಕೂರುವುದು ನನ್ನ ಹುಚ್ಚು. ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಲು ಆಟಗಾರರು ಹೆಸರು ಕೊಡುವ ಪಟ್ಟಿ, 2026ರಲ್ಲಿ ಜನವರಿ 2ರಿಂದ 16ರವರೆಗೆ. ಯಾರು ಹೋದರು, ಯಾರು ಉಳಿದರು ಎಂದು ಬಳಗದಲ್ಲಿ ದಿನಾ ಜಗಳ. ಗಾಯದ ಪ್ರಶ್ನೆ ಇದ್ದರೆ ಇಲ್ಲಿ ಕೇಳಿ. ಟಿವಿಯಲ್ಲಿ ಬರುವ ಆಟಗಾರರ ಸ್ಕ್ಯಾನ್ ನಾನು ನೋಡಿಲ್ಲ, ನೀವೂ ನೋಡಿಲ್ಲ. ಅದು ನೆನಪಿರಲಿ.

ಅಥೆನ್ಸ್ ಬಲ್ಡಾಗ್: ಮೇಡಂ, ಮೊದಲು ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವನು) ಕಾರ್ಸನ್ ಬೆಕ್ ವಿಷಯ. ಜಾರ್ಜಿಯಾ ಕಾಲೇಜು ತಂಡದಲ್ಲಿ ಐದು ಸೀಸನ್ ಇದ್ದ. ಮೊಣಕೈ ಹೋಯಿತು, ಡ್ರಾಫ್ಟ್‌ಗೆ (ವೃತ್ತಿಪರ ತಂಡಗಳು ಹುಡುಗರನ್ನು ಆರಿಸುವುದು) ಹೋಗುತ್ತೇನೆ ಎಂದ. ಎರಡು ವಾರದೊಳಗೆ ಮಾತು ಬದಲಿಸಿ ಮಯಾಮಿಗೆ ಹೋದ. ಅವರ ಜೊತೆ 2026ರ ಜನವರಿಯ ಫೈನಲ್‌ಗೂ ಬಂದ. ಗಾಯ ಅಷ್ಟೇನೂ ಇರಲಿಲ್ಲ ಅಂತಾಯಿತು, ಅಲ್ವಾ?

ಫಿಸಿಯೋ, ಓಹಾಯೊ: ಇಲ್ಲ. 2024ರ ಡಿಸೆಂಬರ್ 7ರ ಎಸ್‌ಇಸಿ (ಜಾರ್ಜಿಯಾ, ಟೆಕ್ಸಾಸ್ ಆಡುವ ಲೀಗ್) ಫೈನಲ್ ನೆನಪು ಮಾಡಿಕೊಳ್ಳಿ. ಟೆಕ್ಸಾಸ್ ಎದುರು ಮೊದಲ ಅರ್ಧದ ಕೊನೆಗೆ ಎಸೆಯುವ ಕೈಗೇ ಪೆಟ್ಟು ಬಿತ್ತು. ಆಮೇಲೆ ಅವನ ಜಾಗದಲ್ಲಿ ಗನ್ನರ್ ಸ್ಟಾಕ್ಟನ್ ಆಡಿದ. ಓವರ್‌ಟೈಮ್‌ನಲ್ಲಿ ಸ್ಟಾಕ್ಟನ್ ಹೆಲ್ಮೆಟ್ ಕಳಚಿತು, ನಿಯಮದ ಪ್ರಕಾರ ಒಂದು ಪ್ಲೇ ಹೊರಗೆ ಕೂರಬೇಕು. ಆಗ ಬೆಕ್ ಅದೇ ಕೈ ಇಟ್ಟುಕೊಂಡು ಒಳಗೆ ಬಂದ. ಚೆಂಡನ್ನು ಟ್ರೆವರ್ ಎಟಿಯನ್ ಕೈಗೆ ಕೊಟ್ಟ, ಅಲ್ಲಿಗೆ ಆಟ ಗೆದ್ದಿತು, 22-19. ಎಸೆಯಲು ಆಗುತ್ತಿರಲಿಲ್ಲ, ಕೊಡಲು ಆಗುತ್ತಿತ್ತು. ನಿಮ್ಮ ತಂಡಕ್ಕೇ ಕೊಟ್ಟಿದ್ದು ಅದು.

ಹರಿದದ್ದು ಮೊಣಕೈ ಒಳಬದಿಯ ಲಿಗಮೆಂಟ್. ಎಸೆಯುವಾಗ ಕೀಲು ಬಾಯಿ ಬಿಡದಂತೆ ಹಿಡಿದುಕೊಳ್ಳುವ ಪಟ್ಟಿ ಅದು. ಆಪರೇಷನ್ ಆದದ್ದು ಡಿಸೆಂಬರ್ ಕೊನೆಯಲ್ಲಿ. ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ತಂಡಗಳು ಹುಡುಗರನ್ನು ಒಟ್ಟಿಗೆ ಪರೀಕ್ಷೆ ಮಾಡುವುದು ಫೆಬ್ರವರಿ ಕೊನೆಗೆ. ಎರಡು ತಿಂಗಳಲ್ಲಿ ಆ ಕೈಯಿಂದ ಪೂರ್ತಿ ಬಲ ಹಾಕಿ ಎಸೆಯಲು ಆಗುವುದಿಲ್ಲ. ಎಸೆದು ತೋರಿಸಲು ಆಗದ ಕ್ವಾರ್ಟರ್‌ಬ್ಯಾಕ್ ಡ್ರಾಫ್ಟ್‌ಗೆ ಯಾಕೆ ಹೋಗಬೇಕು? ಇನ್ನೊಂದು ವರ್ಷ ಕಾಲೇಜಿನಲ್ಲೇ ಆಡುವುದು ಆ ಮೊಣಕೈಗೆ ಸರಿಯಾದ ದಾರಿ. ಮಾತು ಬದಲಿಸಿದ್ದನ್ನು ನಾನು ತಪ್ಪು ಎನ್ನುವುದಿಲ್ಲ.

ಅಥೆನ್ಸ್ ಬಲ್ಡಾಗ್: ಜಾರ್ಜಿಯಾದಲ್ಲೇ ಆಡಬಹುದಿತ್ತಲ್ಲ?

ಮಂಡ್ಯ ಟು ಮಯಾಮಿ: ಅಲ್ಲಿ ಸ್ಟಾಕ್ಟನ್‌ಗೆ ಜಾಗ ಕೊಟ್ಟಾಗಿತ್ತು. ಬೆಂಚ್ ಮೇಲೆ ಕೂರಲಿ ಅಂತೀರಾ?

ಡಲ್ಲಾಸ್ ರಾಯರು: ಮೇಡಂ, ಬೌಲ್ ಆಟ (ಸೀಸನ್ ಕೊನೆಯ ವಿಶೇಷ ಪಂದ್ಯ) ಬಿಟ್ಟು ಡ್ರಾಫ್ಟ್‌ಗೆ ತಯಾರಿ ಅಂತ ಮನೆಗೆ ಹೋಗುವ ಹುಡುಗರ ಬಗ್ಗೆ ಹೇಳಿ. ನನಗೆ ಅದು ಹೇಡಿತನ ಅನಿಸುತ್ತದೆ.

ಫಿಸಿಯೋ, ಓಹಾಯೊ: ಜೇಲನ್ ಸ್ಮಿತ್ ಹೆಸರು ಕೇಳಿದ್ದೀರಾ ರಾಯರೇ? 2016ರ ಜನವರಿ 1, ಫಿಯೆಸ್ಟಾ ಬೌಲ್, ನೋಟರ್ ಡೇಮ್ ಮತ್ತು ಓಹಾಯೊ ಸ್ಟೇಟ್. ಡ್ರಾಫ್ಟ್‌ನ ಮೊದಲ ಕೆಲವರಲ್ಲೇ ಆಯ್ಕೆ ಆಗುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದ ಹುಡುಗ. ಮೊಣಕಾಲಿನ ಎರಡು ಲಿಗಮೆಂಟ್ ಹರಿದವು. ಅದಕ್ಕಿಂತ ಕೆಟ್ಟದ್ದು, ಪಕ್ಕದ ನರಕ್ಕೆ ಪೆಟ್ಟಾಯಿತು. ಲಿಗಮೆಂಟ್ ಹೊಲಿಯಬಹುದು. ನರ ತನ್ನಷ್ಟಕ್ಕೆ ಬೆಳೆಯುವವರೆಗೆ ಕಾಯಬೇಕು, ಪಾದ ಮೇಲೆತ್ತಲು ಆಗುವುದಿಲ್ಲ. 34ನೆಯವನಾಗಿ ಆಯ್ಕೆಯಾದ, ಮೊದಲ ಸೀಸನ್ ಪೂರ್ತಿ ಹೊರಗೆ ಕೂತ. ಅದೇ ವರ್ಷದ ಕೊನೆಗೆ ಮೆಕ್‌ಕ್ಯಾಫ್ರಿ ಮತ್ತು ಫೋರ್ನೆಟ್ ಎಂಬ ಇಬ್ಬರು ಆಟಗಾರರು ಬೌಲ್ ಬಿಟ್ಟರು, ದೇಶವೆಲ್ಲ ಬೈದಿತು. ಮಿಷಿಗನ್‌ನ ಜೇಕ್ ಬಟ್ ಬಿಡಲಿಲ್ಲ. ಆರೆಂಜ್ ಬೌಲ್‌ನಲ್ಲಿ ಎಸಿಎಲ್ (ಮೊಣಕಾಲಿನೊಳಗಿನ ಲಿಗಮೆಂಟ್) ಹರಿದುಕೊಂಡು ಐದನೇ ಸುತ್ತಿಗೆ ಇಳಿದ. ಆಡಿದವರನ್ನು ನಾನು ಗೌರವಿಸುತ್ತೇನೆ. ಬಿಟ್ಟವರನ್ನು ಹೇಡಿ ಎನ್ನುವುದಿಲ್ಲ.

ಕೊಲಂಬಸ್ ಕಾಫಿ: ನನ್ನ ಎಸಿಎಲ್ ಆಪರೇಷನ್ ಆಗಿ ನಾಲ್ಕು ತಿಂಗಳು. ಭಾನುವಾರದ ಟಚ್ ಫುಟ್‌ಬಾಲ್‌ಗೆ ಹೋಗಬಹುದಾ?

ಫಿಸಿಯೋ, ಓಹಾಯೊ: ಬೇಡ. ಒಂಬತ್ತು ತಿಂಗಳಿಗೆ ಮೊದಲು ಆ ಮಾತೇ ಬೇಡ.

ಹೂಸ್ಟನ್ ಅಂಕಲ್: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ. ಮೊಣಕಾಲು ಊದಿಕೊಂಡರೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಿಸಿ ಮಾಡಿ ಕಟ್ಟಬೇಕು. ಮೂರೇ ದಿನದಲ್ಲಿ ಲಿಗಮೆಂಟ್ ಕೂಡಿಕೊಳ್ಳುತ್ತದೆ. ಇಲ್ಲಿನ ಡಾಕ್ಟರುಗಳು ಇದನ್ನು ಹೇಳುವುದಿಲ್ಲ.

ಫಿಸಿಯೋ, ಓಹಾಯೊ: ಹೇಳುವುದಿಲ್ಲ, ಯಾಕೆಂದರೆ ನಿಜವಲ್ಲ. ಪೂರ್ತಿ ಹರಿದ ಎಸಿಎಲ್ ಎಲೆ ಕಟ್ಟಿದರೆ ಕೂಡುವುದಿಲ್ಲ. ಹೊಸ ಊತಕ್ಕೆ ಬಿಸಿ ಕೊಟ್ಟರೆ ಊತ ಜಾಸ್ತಿಯಾಗುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣಿಗೇ ಅಪಾಯ. ದಯವಿಟ್ಟು ಇದನ್ನು ಅಳಿಸಿ.

ಶಿವಮೊಗ್ಗದ ಚಿಕ್ಕಮ್ಮ: ಮೇಡಂ, ಇದನ್ನು ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಅಕ್ಕನ ಮಗನಿಗೆ 20 ವರ್ಷ. ಒಂದು ಸಣ್ಣ ಕಾಲೇಜಿನಲ್ಲಿ ಡಿಫೆನ್ಸ್ ಆಡುತ್ತಾನೆ. ನವೆಂಬರ್‌ನ ಕೊನೆಯ ಆಟದಲ್ಲಿ ತಲೆಗೆ ಜೋರು ಪೆಟ್ಟು ಬಿತ್ತು, ಯಾರಿಗೂ ಹೇಳಲಿಲ್ಲ. ಹೋದ ವರ್ಷವೂ ಒಂದು ಸಲ ಆಗಿತ್ತಂತೆ. ಇನ್ನೂ ತಲೆನೋವು ಇದೆ, ಸಂಜೆ ಲೈಟ್ ಆರಿಸಿ ಕೂರುತ್ತಾನೆ. ಈಗ ಪೋರ್ಟಲ್‌ಗೆ ಹೆಸರು ಕೊಟ್ಟಿದ್ದಾನೆ. ಮುಂದಿನ ವಾರ ಒಂದು ದೊಡ್ಡ ಕಾಲೇಜಿನವರು ಕರೆದಿದ್ದಾರೆ, ವೈದ್ಯರ ತಪಾಸಣೆ ಇದೆ. "ಚಿಕ್ಕಮ್ಮ, ನಿನಗೊಬ್ಬಳಿಗೇ ಹೇಳಿದ್ದು, ಅಮ್ಮನಿಗೆ ಹೇಳಬೇಡ, ಗೊತ್ತಾದರೆ ಕಾಲೇಜಿನವರು ಬೇಡ ಅಂತಾರೆ" ಅಂದ. ನಾನು ಸುಮ್ಮನಿರಬೇಕಾ?

ಹೂಸ್ಟನ್ ಅಂಕಲ್: ತಂಗೀ, ಗಾಬರಿ ಬೇಡ. ಮೂಗಿಗೆ ಎರಡು ಹನಿ ಬೆಚ್ಚನೆ ತುಪ್ಪ, ರಾತ್ರಿ ಅರಿಶಿನದ ಹಾಲು. 21 ದಿನ.

ಫಿಸಿಯೋ, ಓಹಾಯೊ: ಅಂಕಲ್, ಇಲ್ಲಿ ಬೇಡ. ತಲೆಯ ವಿಷಯದಲ್ಲಿ ಒಂದೂ ಫಾರ್ವರ್ಡ್ ಬೇಡ.

ಚಿಕ್ಕಮ್ಮನವರೇ, ಬೇರೆಯವರ ಪ್ರಶ್ನೆ ಕಾಯಲಿ. ನೀವು ಸುಮ್ಮನಿರಬೇಡಿ.

ಮೊದಲು ತುರ್ತಿನ ಮಾತು. ತಲೆನೋವು ದಿನೇದಿನೇ ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿ ಆದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಮಾತು ತೊದಲಿದರೆ, ಒಂದು ಕೈಕಾಲು ಸೋತರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ. ನನಗೆ ಸಂದೇಶ ಹಾಕಿ ಕಾಯಬೇಡಿ.

ಇವು ಯಾವುವೂ ಇಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಎರಡು ತಿಂಗಳ ಹತ್ತಿರ ಆಯಿತು. ತಲೆಪೆಟ್ಟು ಬಿದ್ದ ಹುಡುಗರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಸರಿಹೋಗುತ್ತಾರೆ. ಒಂದು ತಿಂಗಳು ದಾಟಿಯೂ ನೋವು ಉಳಿದರೆ ತಜ್ಞರು ನೋಡಲೇಬೇಕು. ಅವನಿಗೆ ಇದನ್ನೂ ಹೇಳಿ: ಇದಕ್ಕೆ ಚಿಕಿತ್ಸೆ ಇದೆ. ಎಷ್ಟೋ ಸಲ ಉಳಿದ ನೋವು ಕತ್ತಿನಿಂದ ಬರುತ್ತಿರುತ್ತದೆ, ಇಲ್ಲವೇ ಎರಡು ಕಣ್ಣು ಒಟ್ಟಿಗೆ ಕೆಲಸ ಮಾಡದೆ ಬರುತ್ತದೆ. ಕತ್ತು, ಕಣ್ಣು, ಸಮತೋಲನ ಮೂರಕ್ಕೂ ವ್ಯಾಯಾಮ ಇದೆ. ನಾನು ದಿನಾ ಮಾಡಿಸುವ ಕೆಲಸ ಅದು. ಮುಚ್ಚಿಟ್ಟರೆ ಅದು ಸಿಗುವುದಿಲ್ಲ.

ನನಗೆ ಭಯ ಇರುವುದು ಎರಡನೇ ಪೆಟ್ಟಿನದು. ಮೊದಲ ಪೆಟ್ಟು ಮಾಗುವ ಮೊದಲೇ ಇನ್ನೊಂದು ಬಿದ್ದರೆ ಕೆಲವರಲ್ಲಿ ಮೆದುಳು ಏಕಾಏಕಿ ಊದಿಕೊಳ್ಳುತ್ತದೆ. ಅಪರೂಪ, ಆದರೆ ಆಗುವುದು ಇಂಥ ಎಳೆ ವಯಸ್ಸಿನವರಿಗೇ ಹೆಚ್ಚು, ಆದಾಗ ನಿಮಿಷಗಳ ಮಾತು. 2006ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಝ್ಯಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗ ತಲೆಪೆಟ್ಟಾದ ಮೇಲೂ ಅದೇ ಆಟಕ್ಕೆ ಮರಳಿದ. ಮೆದುಳಿಗೆ ಶಾಶ್ವತ ಹಾನಿಯಾಯಿತು. 2009ರಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು, ಆಮೇಲೆ ಎಲ್ಲ 50 ರಾಜ್ಯಗಳಲ್ಲೂ ಅಂಥ ಕಾನೂನು ಬಂದಿದೆ.

ಆಟಕ್ಕೆ ಮರಳಲು ಆರು ಮೆಟ್ಟಿಲು ಇವೆ. ಲಘು ನಡಿಗೆಯಿಂದ ಶುರು, ಒಂದೊಂದಕ್ಕೂ ಕನಿಷ್ಠ 24 ಗಂಟೆ. ಪೆಟ್ಟು ಬೀಳಬಹುದಾದ ಅಭ್ಯಾಸಕ್ಕೆ ಇಳಿಯುವ ಮೊದಲು ಎಲ್ಲ ಲಕ್ಷಣವೂ ಹೋಗಿರಬೇಕು, ವೈದ್ಯರು ಸರಿ ಎಂದಿರಬೇಕು. ಇಂದಿನ ನೋವು ಇಟ್ಟುಕೊಂಡು ಹೊಸ ಕಾಲೇಜಿನ ಮೊದಲ ಅಭ್ಯಾಸಕ್ಕೆ ಹೋದರೆ ಅವನು ಜಾಸ್ತಿ ಜೋರಾಗಿಯೇ ಢಿಕ್ಕಿ ಹೊಡೆಯುತ್ತಾನೆ. ಹೊಸ ಕೋಚ್ ನೋಡುತ್ತಿರುತ್ತಾನೆ ಅಲ್ವಾ?

ಅವನ ಈಗಿನ ಕಾಲೇಜಿನಲ್ಲಿ ಆಟಗಾರರ ಗಾಯ ನೋಡುವ ಅಥ್ಲೆಟಿಕ್ ಟ್ರೇನರ್ ಇರುತ್ತಾರೆ. ಅವರಿಗೆ ಅವನೇ ಹೇಳುವುದು ಎಲ್ಲಕ್ಕಿಂತ ಒಳ್ಳೆಯದು. ನೀವು ಅವನ ಜೊತೆ ಫೋನಿನಲ್ಲಿ ಇರಿ. ಎರಡು ದಿನ ಕೊಡಿ. ಆಮೇಲೂ ಹೇಳದಿದ್ದರೆ ಅಕ್ಕನಿಗೆ ಹೇಳಿ. ಸಿಟ್ಟಾಗುತ್ತಾನೆ, ಆಗಲಿ. ಕಾಲೇಜು ಬೇಡ ಎಂದರೂ ಎನ್ನಬಹುದು, ಆ ಭಯ ಸುಳ್ಳಲ್ಲ. ಈಗ ಎಷ್ಟು ಹೊತ್ತು ಓದಲು ಆಗುತ್ತದೆ, ನಿದ್ದೆ ಹೇಗಿದೆ, ಸಿಟ್ಟು ಜಾಸ್ತಿಯಾಗಿದೆಯಾ? ನನಗೆ ಬರೆಯಿರಿ.

ಡಲ್ಲಾಸ್ ರಾಯರು: ನಮ್ಮ ಕಾಲದಲ್ಲಿ ಕಬಡ್ಡಿಯಲ್ಲಿ ತಲೆ ಒಡೆದರೂ ಮಣ್ಣು ಒರೆಸಿಕೊಂಡು ಆಡುತ್ತಿದ್ದೆವು.

ಫಿಸಿಯೋ, ಓಹಾಯೊ: ರಾಯರೇ, ಆ ತಾಯಿಯಂಥವರು ಭಯದಲ್ಲಿ ಕೇಳುತ್ತಿದ್ದಾರೆ. ಈ ಮಾತು ಈಗ ಬೇಕಿತ್ತಾ?

ಅಥೆನ್ಸ್ ಬಲ್ಡಾಗ್: ನೋಡಿ, ಎಲ್ಲದರ ಮೂಲ ಆ ಪೋರ್ಟಲ್. ಇದ್ದಲ್ಲೇ ಇದ್ದಿದ್ದರೆ ಮುಚ್ಚಿಡುವ ಮಾತೇ ಬರುತ್ತಿರಲಿಲ್ಲ. 2018ಕ್ಕೆ ಮೊದಲು ಇದೆಲ್ಲ ಎಲ್ಲಿತ್ತು? ನಿಷ್ಠೆ ಅನ್ನೋದು ಹೋಯಿತು.

ಮಂಡ್ಯ ಟು ಮಯಾಮಿ: ನಿಷ್ಠೆ ಹುಡುಗರಿಗೆ ಮಾತ್ರವಾ? ಓಲ್ ಮಿಸ್ ಕಾಲೇಜು ಪ್ಲೇಆಫ್ ಬಾಗಿಲಲ್ಲಿ ನಿಂತಿದ್ದಾಗ ಅದರ ಕೋಚ್ ಲೇನ್ ಕಿಫಿನ್ ಎಲ್‌ಎಸ್‌ಯು ಕಾಲೇಜಿಗೆ ಹೋದ. ಕೋಚ್ ಹೋದರೆ ಬೆಳವಣಿಗೆ, ಹುಡುಗ ಹೋದರೆ ದ್ರೋಹ. ಚೆನ್ನಾಗಿದೆ ನಿಮ್ಮ ನ್ಯಾಯ. 2026ರ ಜನವರಿಯ ಫೈನಲ್ ನೋಡಿ, ಇಂಡಿಯಾನಾದ ಮೆಂಡೋಜಾ ಕ್ಯಾಲಿಫೋರ್ನಿಯಾದಿಂದ ಬಂದವನು, ನಮ್ಮ ಬೆಕ್ ಜಾರ್ಜಿಯಾದಿಂದ. ಎರಡೂ ಕಡೆ ಪೋರ್ಟಲ್ ಹುಡುಗರೇ.

ಅಥೆನ್ಸ್ ಬಲ್ಡಾಗ್: ದುಡ್ಡು ಮಾತಾಡ್ತಿದೆ ಅಷ್ಟೇ.

ಮಂಡ್ಯ ಟು ಮಯಾಮಿ: ಮಾತಾಡಲಿ. ದಶಕಗಟ್ಟಲೆ ಟಿವಿ ದುಡ್ಡೆಲ್ಲ ಕಾಲೇಜಿಗೆ, ಹುಡುಗನಿಗೆ ಫೀಸು, ಊಟ, ಹಾಸಿಗೆ. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಮೇಲೆ ತಾನೇ ಕಾಲೇಜುಗಳು ನೇರವಾಗಿ ಹಂಚಲು ಶುರು ಮಾಡಿದ್ದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಮಿತಿ 2 ಕೋಟಿ 5 ಲಕ್ಷ ಡಾಲರ್. ಅದೂ ಎಲ್ಲ ಕ್ರೀಡೆಗಳಿಗೆ ಸೇರಿ.

ಕೊಲಂಬಸ್ ಕಾಫಿ: ನಮ್ಮವರನ್ನೇ ನೋಡಿ. ಕರ್ನಾಟಕ ತಂಡದಲ್ಲಿ ಜಾಗ ಇಲ್ಲದೆ ಕರುಣ್ ನಾಯರ್ ವಿದರ್ಭಕ್ಕೆ ಹೋದರು. 2025ರ ರಣಜಿ ಫೈನಲ್‌ನಲ್ಲಿ ಶತಕ ಹೊಡೆದು ಕಪ್ ಗೆದ್ದರು, ಭಾರತ ತಂಡಕ್ಕೆ ಮರಳಿದರು, ಆಮೇಲೆ ಕರ್ನಾಟಕಕ್ಕೇ ವಾಪಸ್ ಬಂದರು. ಅವರನ್ನೂ ದ್ರೋಹಿ ಅಂತೀರಾ?

ಅಥೆನ್ಸ್ ಬಲ್ಡಾಗ್: ಕ್ರಿಕೆಟ್ ಬೇರೆ, ಇದು ಬೇರೆ. ಗೊತ್ತಿಲ್ಲದೆ ಮಾತಾಡಬೇಡಿ.

ಕೊಲಂಬಸ್ ಕಾಫಿ: ಗೊತ್ತಿಲ್ಲದವರು ಯಾರು ಅಂತ ಬಳಗಕ್ಕೇ ಗೊತ್ತು.

ಹೊಸ ಸದಸ್ಯ, ಪ್ಲಾನೊ: ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿರುವ ಕಿಕ್ಕರ್ (ಚೆಂಡು ಒದೆಯುವವನು) ಆ ದುಡ್ಡು ತಗೊಳ್ಳಬಹುದಾ?

ಫಿಸಿಯೋ, ಓಹಾಯೊ: ವಕೀಲರನ್ನು ಕೇಳಿ. ಕೇಳುವ ಮೊದಲು ಎಲ್ಲೂ ಸಹಿ ಹಾಕಬೇಡಿ.

ಟೀ ಅಂಗಡಿ, ಟ್ಯಾಂಪಾ: ಬೌಲ್ ಆಟ ಬಿಡುವವರ ಬಗ್ಗೆ ಮೇಡಂ ಅಭಿಪ್ರಾಯ?

ಫಿಸಿಯೋ, ಓಹಾಯೊ: ಮೇಲೆ ಇದೆ. ಓದಿ.

ಹೂಸ್ಟನ್ ಅಂಕಲ್: ಇನ್ನೊಂದು ಬಂದಿದೆ. ತಲೆಪೆಟ್ಟು ಬಿದ್ದವರನ್ನು ರಾತ್ರಿಯಿಡೀ ಮಲಗಲು ಬಿಡಬಾರದು, ಮಲಗಿದರೆ ಕೋಮಾ. ಜೊತೆಗೆ ಎರಡು ಆಸ್ಪಿರಿನ್ ಕೊಡಬೇಕು.

ಫಿಸಿಯೋ, ಓಹಾಯೊ: ಅಂಕಲ್, ಮೂರನೇ ಸಲ ಹೇಳುತ್ತಿದ್ದೇನೆ. ವೈದ್ಯರು ನೋಡಿ ಅಪಾಯವಿಲ್ಲ ಎಂದ ಮೇಲೆ ನಿದ್ದೆಯೇ ಬೇಕು. ಆಸ್ಪಿರಿನ್ ಕೊಟ್ಟರೆ, ಒಳಗೆ ರಕ್ತ ಸೋರುತ್ತಿದ್ದರೆ ಸೋರುವುದು ಜಾಸ್ತಿಯಾಗುತ್ತದೆ. ಇದನ್ನು ನಂಬಿ ಯಾರಾದರೂ ಮಾತ್ರೆ ಕೊಟ್ಟರೆ ಹೊಣೆ ಯಾರದು? ನಿರ್ವಾಹಕರೇ, ತೆಗೆದುಹಾಕಿ.

ಹೂಸ್ಟನ್ ಅಂಕಲ್: ಒಳ್ಳೆಯದಕ್ಕೆ ಹಾಕಿದ್ದು. ವಯಸ್ಸಿಗಾದರೂ ಮರ್ಯಾದೆ ಇರಲಿ.

ಫಿಸಿಯೋ, ಓಹಾಯೊ: ಮರ್ಯಾದೆ ಇದೆ. ಮಾತ್ರೆಗೆ ಇಲ್ಲ.

ಡಲ್ಲಾಸ್ ರಾಯರು: ಹೀಗೆ ಎಲ್ಲದಕ್ಕೂ ಹೆದರಿಸಿದರೆ ನಮ್ಮ ಮಕ್ಕಳು ಆಟವೇ ಬಿಡುತ್ತಾರೆ.

ಫಿಸಿಯೋ, ಓಹಾಯೊ: ಬಿಟ್ಟರೆ ಬಿಡಲಿ, ಅದೂ ಅವರ ತೀರ್ಮಾನ. ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್ ಆಂಡ್ರ್ಯೂ ಲಕ್ 29ಕ್ಕೆ ನಿವೃತ್ತಿ ಹೇಳಿದ ರಾತ್ರಿ ಅವನ ತಂಡದ ಅಭಿಮಾನಿಗಳೇ ಕ್ರೀಡಾಂಗಣದಲ್ಲಿ ಬೂ ಎಂದರು. ಗಾಯ, ನೋವು, ಮತ್ತೆ ವ್ಯಾಯಾಮ, ಮತ್ತೆ ಗಾಯ, ಸಾಕಾಯಿತು ಎಂದಿದ್ದ ಅಷ್ಟೇ. ಆ ದೃಶ್ಯ ನೋಡಿ ಅವತ್ತು ನನಗೆ ಊಟ ಸೇರಲಿಲ್ಲ. ಈಗ ಅವನು ಸ್ಟ್ಯಾನ್‌ಫರ್ಡ್‌ನ ಫುಟ್‌ಬಾಲ್ ನೋಡಿಕೊಳ್ಳುತ್ತಿದ್ದಾನೆ. ಆಟ ಬಿಟ್ಟವನು ಆಟಕ್ಕೇ ಬಂದ.

ಅಥೆನ್ಸ್ ಬಲ್ಡಾಗ್: ಎನ್‌ಎಫ್‌ಎಲ್ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ ಮೇಡಂ.

ಮಂಡ್ಯ ಟು ಮಯಾಮಿ: ನಿಮಗೆ ಯಾವುದೂ ಹೊಂದುವುದಿಲ್ಲ ಬಿಡಿ.

ನಿರ್ವಾಹಕ: ಅಂಕಲ್ ಅವರ ಎರಡು ಸಂದೇಶ ತೆಗೆದಿದ್ದೇನೆ. ಬೆಕ್ ಜಗಳಕ್ಕೆ ಬೇರೆ ಜಾಗ ಮಾಡಿಕೊಳ್ಳಿ.

ಹೊಸ ಸದಸ್ಯ, ಪ್ಲಾನೊ: ತೊಡೆಯ ಹಿಂಬದಿಯ ಸ್ನಾಯು ಎಳೆತಕ್ಕೆ ಐಸ್ ಇಡಬೇಕಾ, ಬಿಸಿ ಇಡಬೇಕಾ?

ಶಿವಮೊಗ್ಗದ ಚಿಕ್ಕಮ್ಮ: ಮೇಡಂ, ಅವನ ಜೊತೆ ಮಾತಾಡಿದೆ. ಮೊದಲು ಫೋನ್ ಇಟ್ಟುಬಿಟ್ಟ. ಅರ್ಧ ಗಂಟೆ ಬಿಟ್ಟು ಅವನೇ ಮಾಡಿದ. ಓದಿದರೆ ಹತ್ತು ನಿಮಿಷಕ್ಕೆ ಸಾಲು ಅಲುಗಾಡುತ್ತದಂತೆ. ನಿದ್ದೆ ಇಲ್ಲ. ವಾಂತಿ ಇಲ್ಲ. ನಾಳೆ ಬೆಳಿಗ್ಗೆ 8ಕ್ಕೆ ಟ್ರೇನರ್ ಹತ್ತಿರ ಹೋಗುತ್ತಾನೆ, ನಾನು ಫೋನಿನಲ್ಲಿ ಇರುತ್ತೇನೆ.

ಫಿಸಿಯೋ, ಓಹಾಯೊ: ಸಾಲು ಅಲುಗಾಡುವುದನ್ನು ಟ್ರೇನರ್‌ಗೆ ಮರೆಯದೆ ಹೇಳಲಿ, ಕಣ್ಣಿನ ಪರೀಕ್ಷೆಗೆ ಅದು ಬೇಕು. ಹೋದ ವರ್ಷದ ಪೆಟ್ಟಿನ ತಾರೀಖೂ ಬರೆದುಕೊಂಡು ಹೋಗಲಿ. 8ಕ್ಕೆ ನಾನೂ ಎದ್ದಿರುತ್ತೇನೆ, ಬೇಕಾದರೆ ಕರೆ ಮಾಡಿ.