ಡಕಾರ್ ಗೆದ್ದ ಆಡಿ ಎಲೆಕ್ಟ್ರಿಕ್ ಕಾರಾ, ಪೆಟ್ರೋಲ್ ಕಾರಾ?

ಬೆಣ್ಣೆದೋಸೆ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ. ಬೆಂಗಳೂರಿಗೆ ಹೊರಟರೆ ಶಿರಾ ದಾಟಿದ ಮೇಲೆ ಕಣ್ಣೆಲ್ಲ ಚಾರ್ಜ್ ಮೀಟರ್ ಮೇಲೇ. ಹೀಗಿರುವಾಗ 2024ರಲ್ಲಿ ಸೌದಿ ಮರಳುಗಾಡಿನ ಡಕಾರ್ ರ‍್ಯಾಲಿಯನ್ನು ಎಲೆಕ್ಟ್ರಿಕ್ ಕಾರು ಗೆದ್ದಿತ್ತು ಅಂತ ಓದಿ ಖುಷಿಯಾಯಿತು. ಆಫೀಸಿನಲ್ಲಿ ಹೇಳಿದರೆ ಒಬ್ಬರು ನಕ್ಕುಬಿಟ್ಟರು. "ಅದರೊಳಗೆ ಪೆಟ್ರೋಲ್ ಇಂಜಿನ್ ಇದೆ ಕಣಯ್ಯಾ" ಅಂದರು. ಹಾಗಾದರೆ ಎಲೆಕ್ಟ್ರಿಕ್ ಅನ್ನುವುದು ಬರೀ ಬೋರ್ಡಾ? ಅಷ್ಟು ದೊಡ್ಡ ಕಂಪನಿಗೆ ಇನ್ನೂ ದೊಡ್ಡ ಬ್ಯಾಟರಿ ಹಾಕಲು ಏನು ಕಷ್ಟ?

ಜನರೇಟರ್_ಕುಂದಾಪುರ:
ಅವರು ಹೇಳಿದ್ದೂ ಸರಿ, ನೀವು ಓದಿದ್ದೂ ಸರಿ. ನಾನು ಸೌದಿಯ ಯಾನ್ಬು ಊರಿನಲ್ಲಿ ಹನ್ನೊಂದು ವರ್ಷದಿಂದ ಜನರೇಟರ್ ರಿಪೇರಿ ಮಾಡಿಕೊಂಡಿದ್ದೇನೆ. ಹಾಗಾಗಿ ಈ ಕಾರು ನನಗೆ ಬೇಗ ಅರ್ಥವಾಯಿತು. ಅದು ಚಕ್ರ ಇರುವ ಜನರೇಟರ್ ಮಾರಾಯ್ರೆ.

ಆಡಿ ಆರ್‌ಎಸ್ ಕ್ಯೂ ಇ-ಟ್ರಾನ್ ಅದರ ಹೆಸರು. ಮುಂದಿನ ಆಕ್ಸಲ್‌ಗೆ ಒಂದು ಮೋಟರ್, ಹಿಂದಿನದಕ್ಕೆ ಒಂದು. ಎರಡೂ ಫಾರ್ಮುಲಾ ಇ ಅನ್ನುವ ಎಲೆಕ್ಟ್ರಿಕ್ ಕಾರುಗಳ ರೇಸಿನ ಕಾರಿನಿಂದ ಬಂದವು. ಅದೇ ಜಾತಿಯ ಮೂರನೇ ಮೋಟರ್ ಒಂದಿದೆ, ಅದು ಚಕ್ರ ತಿರುಗಿಸುವುದಿಲ್ಲ. 2 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್ ಅದನ್ನು ತಿರುಗಿಸಿ ಕರೆಂಟ್ ತೆಗೆಯುತ್ತದೆ. ಇಂಜಿನ್‌ನಿಂದ ಚಕ್ರಕ್ಕೆ ಒಂದೇ ಒಂದು ಶಾಫ್ಟ್ ಇಲ್ಲ. ಚಕ್ರ ತಿರುಗುವುದು ಪೂರ್ತಿ ಕರೆಂಟಿನಲ್ಲಿ.

ಈಗ ದೊಡ್ಡ ಬ್ಯಾಟರಿ ವಿಷಯ. ಅದರ ಬ್ಯಾಟರಿ 52 ಕಿಲೋವ್ಯಾಟ್ ಅವರ್. ನಮ್ಮ ಮನೆ ಬಿಲ್ಲಿನ ಲೆಕ್ಕದಲ್ಲಿ 52 ಯೂನಿಟ್. ತೂಕ ಸುಮಾರು 370 ಕೆ.ಜಿ. ಆ ಇಂಜಿನ್ ಒಂದು ಯೂನಿಟ್‌ಗೆ 200 ಗ್ರಾಂಗಿಂತ ಕಡಿಮೆ ಪೆಟ್ರೋಲ್ ಕುಡಿಯುತ್ತದೆ ಅಂತ ಆಡಿಯೇ ಹೇಳಿದೆ. ಇರಲಿ, 200 ಅಂತಲೇ ಹಿಡಿಯಿರಿ. 52 ಯೂನಿಟ್‌ಗೆ ಹತ್ತೂವರೆ ಕೆ.ಜಿ. ಪೆಟ್ರೋಲ್ ಆಯಿತು. ಅಂದರೆ 14 ಲೀಟರ್. ನಾಲ್ಕೈದು ಜನರ ತೂಕದ ಬ್ಯಾಟರಿಯಲ್ಲಿ ತುಂಬಿಕೊಂಡಿದ್ದು ಒಂದು ಬೈಕ್ ಟ್ಯಾಂಕ್‌ನಷ್ಟು!

ಇನ್ನೊಂದು ಲೆಕ್ಕ. ಕಾರಿನ ಪೂರ್ತಿ ಶಕ್ತಿ 2022ರಲ್ಲಿ 288 ಕಿಲೋವ್ಯಾಟ್. ಜನರೇಟರ್ ಆಫ್ ಮಾಡಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಹನ್ನೊಂದು ನಿಮಿಷಕ್ಕೆ ಬ್ಯಾಟರಿ ಖಾಲಿ. 2024ರ ರ‍್ಯಾಲಿಯಲ್ಲಿ ರಬ್ ಅಲ್ ಖಾಲಿ ಮರಳಿನೊಳಗೆ ಎರಡು ದಿನದ ಒಂದೇ ಸ್ಟೇಜ್, ಅಂದರೆ ಓಟದ ಒಂದು ಹಂತ, ಇತ್ತು, 500 ಕಿ.ಮೀ. ಮೀರಿದ್ದು. ಸಂಜೆ 4 ಆದ ಕೂಡಲೇ ಹತ್ತಿರದ ಕ್ಯಾಂಪಿನಲ್ಲಿ ನಿಲ್ಲಬೇಕು, ಟೆಂಟಿನಲ್ಲಿ ಮಲಗಬೇಕು. ತಂಡದ ಮೆಕ್ಯಾನಿಕ್‌ಗಳು ಕೂಡ ಹತ್ತಿರ ಇರುವುದಿಲ್ಲ. ಪ್ಲಗ್ ಎಲ್ಲಿಂದ ಬರಬೇಕು?

ಡೀಸೆಲ್_ಅಭಿಮಾನಿ:
ಇದು ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗಾಯಿತಲ್ಲ ಸರ್. ಪೆಟ್ರೋಲಿನಿಂದ ಕರೆಂಟ್, ಕರೆಂಟಿನಿಂದ ಮೋಟರ್. ಪ್ರತಿ ತಿರುವಿನಲ್ಲೂ ನಷ್ಟ. ನೇರವಾಗಿ ಚಕ್ರಕ್ಕೇ ಜೋಡಿಸಿದ್ದರೆ ಆಗುತ್ತಿರಲಿಲ್ಲವಾ? ಆ ವರ್ಷ ಎರಡನೇ ಸ್ಥಾನ ಬಂದದ್ದು ಮಾಮೂಲಿ ಟೊಯೋಟಾ. ಗೆದ್ದದ್ದು ಆಡಿ ಓಡಿಸಿದ ಕಾರ್ಲೋಸ್ ಸೈನ್ಜ್ ಅವರ ಅನುಭವ, ಕರೆಂಟ್ ಅಲ್ಲ.

ಜನರೇಟರ್_ಕುಂದಾಪುರ:
ನಷ್ಟ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಇಂಜಿನ್ ಹಾಳಾಗುವುದು, ಎಣ್ಣೆ ಕುಡಿಯುವುದು ಲೋಡ್ ಏರಿಳಿದಾಗ. ನನ್ನ ದಿನದ ಕೆಲಸವೇ ಅದು. ಇಲ್ಲಿ ಇಂಜಿನ್ 4,500ರಿಂದ 6,000 ಆರ್‌ಪಿಎಂ ನಡುವೆ ಮಾತ್ರ ಓಡುತ್ತದೆ, ಅದು ಕಡಿಮೆ ಕುಡಿಯುವ ಜಾಗ. ದಿಬ್ಬ ಹತ್ತುವ ಜಗ್ಗಾಟ ಎಲ್ಲ ಬ್ಯಾಟರಿಯ ತಲೆಗೆ. ಬ್ರೇಕ್ ಹಾಕಿದಾಗ ಸ್ವಲ್ಪ ವಾಪಸ್ ಕೂಡ ಬರುತ್ತದೆ.

ಮರಳಿನಲ್ಲಿ ಇನ್ನೊಂದು ಲಾಭ. ಮುಂದಕ್ಕೆ ಹೋಗಲು ಒಂದೇ ಗೇರ್. ಇಲ್ಲಿ ವಾರದ ರಜೆಯಲ್ಲಿ ಗೆಳೆಯನ ಜೀಪಿನಲ್ಲಿ ದಿಬ್ಬ ಹತ್ತಲು ಹೋಗಿ, ಅರ್ಧದಲ್ಲಿ ಗೇರ್ ಬದಲಿಸಿ, ಹೂತುಕೊಂಡವನು ನಾನು. ಕ್ಲಚ್ ಒತ್ತಿದ ಅಷ್ಟು ಹೊತ್ತು ಸಾಕು, ಮರಳು ಹಿಡಿದುಬಿಡುತ್ತದೆ. ಆಮೇಲೆ ಸಲಿಕೆ, ಬೆವರು, ಗೆಳೆಯನ ಬೈಗುಳ.

ಸೈನ್ಜ್ ಬಗ್ಗೆ ಒಪ್ಪಿದೆ. ಆಗ ಅವರಿಗೆ 61. ಒಂದು ಸ್ಟೇಜನ್ನೂ ಗೆಲ್ಲದೆ ರ‍್ಯಾಲಿ ಗೆದ್ದರು. ಎದುರಾಳಿ ಸೆಬಾಸ್ಟಿಯನ್ ಲೋಬ್ ಬೆನ್ನು ಹತ್ತಿದ್ದರು, ಮುಗಿಯುವ ಹಿಂದಿನ ದಿನ ಅಲ್‌ಉಲಾದಿಂದ ಯಾನ್ಬುಗೆ ಬರುವಾಗ ಲೋಬ್ ಕಾರಿನ ಸಸ್ಪೆನ್ಷನ್ ಮುರಿಯಿತು. ಅದೃಷ್ಟ ಅನ್ನಬೇಡಿ. 2022ರಲ್ಲಿ ಇದೇ ಆಡಿ ತಂಡ ಶುರುವಿನಲ್ಲೇ ದಾರಿ ತಪ್ಪಿ, ಹಿಂದಿನ ಚಕ್ರ ಮುರಿದುಕೊಂಡು ಗಂಟೆಗಟ್ಟಲೆ ಕಳೆದುಕೊಂಡಿತ್ತು. 2023ರಲ್ಲಿ ಆಡಿಯ ಇನ್ನೊಬ್ಬ ಚಾಲಕ ಪೀಟರ್‌ಹ್ಯಾನ್ಸೆಲ್, ಸೈನ್ಜ್ ಇಬ್ಬರೂ ಅಪಘಾತವಾಗಿ ಹೊರಬಿದ್ದರು. ಮುರಿದದ್ದೆಲ್ಲ ಕಬ್ಬಿಣದ ಭಾಗ, ಕರೆಂಟಿನದ್ದಲ್ಲ. ನನಗೆ ಅದೇ ದೊಡ್ಡ ವಿಷಯ.

ಕೊನೆಯ ದಿನ ಜನವರಿ 19, ಶುಕ್ರವಾರ, ನಮಗೆ ರಜೆ. ರೂಮಿನವರೆಲ್ಲ ಸೇರಿ ಊರ ಹೊರಗಿನ ರಸ್ತೆಯಲ್ಲಿ ನಿಂತಿದ್ದೆವು. ಬೇರೆ ಕಾರುಗಳು ಗೇರ್ ಬದಲಿಸುವ ಸದ್ದು ದೂರದಿಂದಲೇ ಗೊತ್ತಾಗುತ್ತದೆ. ಆಡಿಯದ್ದು ಹಾಗಿಲ್ಲ. ನನಗಂತೂ ಡ್ಯೂಟಿ ನೆನಪಾಯಿತು. ಜೊತೆಗಿದ್ದ ಕೇರಳದವನು, "ಚೇಟಾ, ನಿಮ್ಮ ಮಷಿನ್ ಹೋಯಿತು ನೋಡಿ" ಅಂದ.

ಹಳೇ_ಬುಲೆಟ್:
ನಾನು ಡಕಾರ್ ನೋಡಲು ಶುರು ಮಾಡಿದ್ದು 2015ರಲ್ಲಿ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಬೈಕಿನಲ್ಲಿ ಅದನ್ನು ಮುಗಿಸಿದ ಮೊದಲ ಭಾರತೀಯ ಆದಾಗ. ಆಗ ರ‍್ಯಾಲಿ ದಕ್ಷಿಣ ಅಮೆರಿಕದಲ್ಲಿತ್ತು. ಅಲ್ಲೇ 2017ರಲ್ಲಿ ಸ್ಪೇನಿನ ಅಕ್ಸಿಯೋನಾ ಕಂಪನಿಯ ಕಾರು ಇಂಜಿನ್ ಇಲ್ಲದೆ, ಬರೀ ಬ್ಯಾಟರಿಯಲ್ಲಿ ಕೊನೆ ಮುಟ್ಟಿತು. ಗೆಲ್ಲುವ ಮಾತಿಲ್ಲ, ಮುಟ್ಟಿದ್ದೇ ಸಾಧನೆ. 2024ರಿಂದ ಬ್ಯಾಟರಿ, ಹೈಡ್ರೋಜನ್ ಗಾಡಿಗಳಿಗೆ ಮಿಷನ್ 1000 ಅಂತ ಬೇರೆ ವಿಭಾಗ ಇದೆ. ದಿನಕ್ಕೆ ಸುಮಾರು 100 ಕಿ.ಮೀ. ಅಷ್ಟೇ. ಮುಖ್ಯ ರ‍್ಯಾಲಿಯವರು ಆ ವರ್ಷ ಒಟ್ಟು 7,900 ಕಿ.ಮೀ. ಹತ್ತಿರ ಓಡಿದ್ದರು. ನಡುವಿನ ಅಂತರ ನೀವೇ ನೋಡಿ.

ಬೆಣ್ಣೆದೋಸೆ_ದಾವಣಗೆರೆ:
14 ಲೀಟರ್ ಲೆಕ್ಕವನ್ನು ಆಫೀಸಿನಲ್ಲಿ ಬರೆದು ತೋರಿಸಿದೆ. ಈ ಸಲ ಅವರು ನಗಲಿಲ್ಲ, ಕ್ಯಾಲ್ಕುಲೇಟರ್ ತೆಗೆದರು. ಒಂದು ದಡ್ಡ ಪ್ರಶ್ನೆ. ಡಿಕ್ಕಿಯಲ್ಲಿ ಸಣ್ಣ ಪೆಟ್ರೋಲ್ ಜನರೇಟರ್ ಇಟ್ಟುಕೊಂಡರೆ ನನ್ನ ಕಾರೂ ಆಡಿ ಆಗುತ್ತದಾ?

ಜನರೇಟರ್_ಕುಂದಾಪುರ:
ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಅಂಗಡಿಯವರು ಇಡುವ ಸಣ್ಣ ಜನರೇಟರ್ ಗಂಟೆಗೆ ಒಂದೂವರೆ ಯೂನಿಟ್ ಕೊಟ್ಟರೆ ಹೆಚ್ಚು. ಅದರಲ್ಲಿ ಹತ್ತು ಕಿ.ಮೀ. ಹೋಗಬಹುದು. ಅದೂ ಅರ್ತಿಂಗ್ ಸರಿ ಇದ್ದರೆ. ಇಲ್ಲದಿದ್ದರೆ ಚಾರ್ಜರ್ ಕೆಂಪು ಲೈಟ್ ತೋರಿಸಿ ಕೂತುಬಿಡುತ್ತದೆ. ಡಿಕ್ಕಿ ಮುಚ್ಚಿರಲಿ, ತೆರೆದಿರಲಿ, ಕಾರಿನೊಳಗೆ ಅದನ್ನು ಚಾಲೂ ಮಾಡಲೇಬೇಡಿ, ಹೊಗೆ ಒಳಗೆ ತುಂಬಿ ಪ್ರಾಣಕ್ಕೇ ಬರುತ್ತದೆ. ಹಿರಿಯೂರಿನಲ್ಲಿ ಚಾರ್ಜಿಗೆ ಹಾಕಿ ನಿಧಾನಕ್ಕೆ ಊಟ ಮಾಡಿ.